ಸೌತೆಕಾಯಿ ಗಾಡಿಯ ಕೊಂಡಿಗಳು

ಆರ್ಲೋ ಬೆಕ್ಟೆಲ್ ಇಂಡಿಯಾನಾದ ಉತ್ತರದ ಒಂದು ಸಣ್ಣ ಊರಿನಲ್ಲಿ ಹಲ್ಲುಸೆಟ್ಟು ಮಾಡುವ ಕೆಲಸದಲ್ಲಿದ್ದವನು. ದಂತವೈದ್ಯರು ಕಳಿಸಿದ ಅಚ್ಚು ನೋಡಿ, ಉಜ್ಜಿ, ಕೆರೆದು, ಮುದುಕರ ಬಾಯಿಗೆ ಕೂರುವಂತೆ ಹಲ್ಲು ಜೋಡಿಸುವುದು ಅವನ ಕೆಲಸ. ಕೂದಲೆಳೆಯಷ್ಟು ದಪ್ಪವಾದರೂ ಒಸಡು ಹುಣ್ಣಾಗುತ್ತದೆ. ಹಾಗಾಗಿ ಅವನ ಕಣ್ಣಿಗೆ ‘ಸುಮಾರು ಸರಿಯಾಗಿದೆ’ ಎಂಬುದೇ ಇರಲಿಲ್ಲ. ಆ ಕಣ್ಣು ಸಂಜೆ ಅವನ ಜೊತೆ ಮನೆಗೂ ಬರುತ್ತಿತ್ತು, ಮೆಟ್ಟಿಲಿಳಿದು ನೆಲಮಾಳಿಗೆಗೂ ಬರುತ್ತಿತ್ತು.

ನೆಲಮಾಳಿಗೆಯಲ್ಲಿ ಅವನ ಪುಟ್ಟ ಮಾದರಿ ರೈಲಿತ್ತು. ಈ ಹವ್ಯಾಸದ ಉಳಿದವರು ಅಂಗಡಿಯಿಂದ ಬಿಡಿಭಾಗಗಳ ಪೆಟ್ಟಿಗೆ ತಂದು ಗೂಡ್ಸ್ ಡಬ್ಬಿಗಳನ್ನು ಅಂಟಿಸಿ ಓಡಿಸಿದರೆ, ಆರ್ಲೋ ಮರದ ಚಕ್ಕೆ, ಪ್ಲಾಸ್ಟಿಕ್ ಹಾಳೆಗಳಿಂದ ಒಂದೊಂದು ಡಬ್ಬಿಯನ್ನೂ ತಾನೇ ಕಟ್ಟುತ್ತಿದ್ದ. ಅಂಗೈ ಮೇಲೆ ಕೂರುವಷ್ಟು ಗಾಡಿ. ಆದರೂ ಕೆಲವು ಬಿಡಿಭಾಗಗಳು ಕೈಯಿಂದ ಆಗುವಂಥವಲ್ಲ: ಬ್ರೇಕಿನ ಚಕ್ರ, ಮುಚ್ಚಳದ ತಿರುಗಣಿ, ಇಂಥವು. ಅವನ್ನು ತಮ್ಮ ತಮ್ಮ ಗ್ಯಾರೇಜಿನಲ್ಲಿ ಹಿತ್ತಾಳೆ ಕರಗಿಸಿ ಎರಕ ಹೊಯ್ಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅವರನ್ನು ಹಿಡಿಯಬೇಕಾದರೆ ವರ್ಷಕ್ಕೆ ಒಂದೆರಡು ಬಾರಿ ಜಾತ್ರೆ ಮೈದಾನದ ಶೆಡ್ಡಿನಲ್ಲಿ ನಡೆಯುವ ರೈಲು ಮೇಳಕ್ಕೇ ಹೋಗಬೇಕು.

ಹೆಂಡತಿ ವರ್ನಾ ಅವನ ರೈಲಿನ ತಂಟೆಗೆ ಹೋದವಳಲ್ಲ. ಒಂದೇ ಒಂದು ಸಲ ಕೇಳಿದ್ದಳು.

“ನಮ್ಮಪ್ಪನ ಸೌತೆಕಾಯಿ ಗಾಡಿ ಒಂದು ಮಾಡ್ಕೊಡ್ತೀಯಾ?”

ವರ್ನಾಳ ಅಪ್ಪ ಓಟಿಸ್ ರೈಲು ಹಳಿಯ ಪಕ್ಕದ ಉಪ್ಪಿನಕಾಯಿ ಕಾರ್ಖಾನೆಯಲ್ಲಿದ್ದ. ಬೇಸಿಗೆಯಲ್ಲಿ ರೈತರು ತಂದು ಸುರಿದ ಎಳೆ ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ನಾಲ್ಕು ಮರದ ತೊಟ್ಟಿಗಳಿದ್ದ ಗೂಡ್ಸ್ ಗಾಡಿಗೆ ತುಂಬಿ ಕಳಿಸುತ್ತಿದ್ದರು. ತೊಟ್ಟಿಯ ಮೇಲೆ ಹತ್ತಿ ಮುಚ್ಚಳ ಬಡಿದು ಕೂರಿಸುವವನು ಓಟಿಸ್. ಬುತ್ತಿ ತಂದ ಮಗಳಿಗೆ ಮೇಲಿಂದಲೇ ಒಂದು ಸೌತೆಕಾಯಿ ಎಸೆಯುತ್ತಿದ್ದ. ಅವಳು ಲಂಗ ಹಿಡಿದು ನಿಲ್ಲುತ್ತಿದ್ದಳು. ಓಟಿಸ್ ಬೇಗ ಸತ್ತ. ಮಗಳಿಗೆ ಅಪ್ಪನೆಂದರೆ ಬಿಸಿಲಿನಲ್ಲಿ ಗಾಡಿಯ ಮೇಲೆ ನಿಂತ ಆ ಆಕಾರವೇ.

ಆರ್ಲೋ ಖುಷಿಯಿಂದಲೇ ಶುರುಮಾಡಿದ. ತಳ, ತೊಟ್ಟಿ, ಮೇಲಿನ ಚಾವಣಿ ಎಲ್ಲ ಒಂದೇ ಚಳಿಗಾಲದಲ್ಲಿ ಮುಗಿಯಿತು. ಬಣ್ಣವೊಂದು ಬಾಕಿ. ಆದರೆ ತೊಟ್ಟಿಗಳ ಸುತ್ತ ಕಬ್ಬಿಣದ ಪಟ್ಟಿಗಳಿರುತ್ತವೆ, ಪಟ್ಟಿಯ ಎರಡು ತುದಿ ಸೇರುವಲ್ಲಿ ಅದನ್ನು ಬಿಗಿಯುವ ಕೊಂಡಿಯಿರುತ್ತದೆ. ಆರ್ಲೋನ ಗಾಡಿಯ ಅಳತೆಗೆ ಅದು ಸಾಸಿವೆ ಕಾಳಿಗಿಂತ ಸಣ್ಣದು. ಅದನ್ನು ಕೂರಿಸದೆ ಬಣ್ಣ ಬಳಿಯುವಂತಿಲ್ಲ. ಅದು ಎಲ್ಲೂ ಸಿಗಲಿಲ್ಲ.

“ಆ ಕೊಂಡಿ ಇಲ್ದೆ ಗಾಡಿ ಓಡಲ್ವಾ?” ಎಂದಳು ವರ್ನಾ.

“ಓಡತ್ತೆ. ಆದ್ರೆ ಪಟ್ಟಿ ನಿಲ್ಲೋದು ಹೇಗೆ? ತೊಟ್ಟಿ ಬಿಚ್ಕೊಂಡು ಉಪ್ಪುನೀರೆಲ್ಲ ಚೆಲ್ಲೋಗತ್ತೆ.”

“ಅದ್ರಲ್ಲಿ ಉಪ್ಪುನೀರು ಎಲ್ಲಿದೆ ಮಾರಾಯ?”

ಅವನು ನಗಲಿಲ್ಲ. “ಕೊಂಡಿ ಇಲ್ಲ ಅಂತ ನಂಗೆ ಗೊತ್ತಿರತ್ತಲ್ಲ” ಎಂದ. ಗಾಡಿ ಹತ್ತಿಯ ಹಾಸಿನ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿತು.

ಕೆಲವು ವರ್ಷಗಳ ಮೇಲೆ ಒಂದು ಮೇಳದಲ್ಲಿ ಕ್ಲೇಟನ್ ರುಪರ್ಟ್ ಎಂಬ ಎರಕದವನು ಆರ್ಲೋನನ್ನು ದೂರದಿಂದಲೇ ಕೈಬೀಸಿ ಕರೆದ. ಮೇಜಿನಡಿಯಿಂದ ಒಂದು ತಗಡಿನ ಡಬ್ಬಿ ತೆಗೆದು, “ನೀನು ಕೇಳ್ತಾನೇ ಇದ್ಯಲ್ಲ, ನಿಂಗೋಸ್ಕರಾನೇ ಅಚ್ಚು ಕೊರ್ದೆ” ಎಂದ. ಡಬ್ಬಿಯೊಳಗೆ ಕೊಂಡಿಗಳಿದ್ದವು.

ಆರ್ಲೋ ಜೇಬಿನಿಂದ ಅಳತೆಯ ಇಕ್ಕಳ ತೆಗೆದ. ಸುತ್ತ ನಾಲ್ಕಾರು ಜನ ಕುತ್ತಿಗೆ ಚಾಚಿದರು. ಅವನು ಒಂದನ್ನು ಹಿಡಿದು ಅಳೆದ, ಇನ್ನೊಂದನ್ನು ಅಳೆದ.

“ದಪ್ಪ ಆಯ್ತು ಕ್ಲೇಟನ್. ಇದು ಆಟಿಕೆಗೆ ಸರಿಹೋಗತ್ತೆ.”

ಯಾರೋ ಕಿಸಕ್ಕೆಂದರು. ಕ್ಲೇಟನ್ ಡಬ್ಬಿಯ ಮುಚ್ಚಳ ಹಾಕಿ ಮೇಜಿನಡಿಗೆ ತಳ್ಳಿದ. “ಹೌದು ಬಿಡು. ನಿನ್ನ ಗಾಡಿ ಆಟಿಕೆ ಅಲ್ವಲ್ಲ” ಎಂದಷ್ಟೇ ಅಂದ. ಆಮೇಲೆ ಆ ಕೊಂಡಿಗಳನ್ನು ಅವನು ಮಾರಾಟಕ್ಕೂ ಇಡಲಿಲ್ಲ, ಹೊಸ ಅಚ್ಚನ್ನೂ ಕೊರೆಯಲಿಲ್ಲ. ಆರ್ಲೋಗೆ ಅದು ಅಷ್ಟಾಗಿ ನಾಟಲೂ ಇಲ್ಲ. ಇನ್ನೊಬ್ಬರು ಮಾಡುತ್ತಾರೆ ಎಂದುಕೊಂಡ. ಓಹಿಯೋಗೆ ಹೋದ, ಇಲಿನಾಯ್‌ಗೆ ಹೋದ, ಮೇಜಿನಿಂದ ಮೇಜಿಗೆ ಬಗ್ಗಿ ಬಗ್ಗಿ ಹುಡುಕಿದ. ಎರಕದವರು ಒಬ್ಬೊಬ್ಬರಾಗಿ ಮುದುಕರಾಗಿ ಅಂಗಡಿ ಮುಚ್ಚಿದರು. ಆರ್ಲೋ ಬೇರೆ ರೈಲು ಡಬ್ಬಿಗಳನ್ನು ಕಟ್ಟಿ ಬಹುಮಾನ ತಂದ. ವರ್ನಾ ಬಹುಮಾನಗಳ ಧೂಳು ಒರೆಸಿದಳು. ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಅವಳ ಕಣ್ಣು ಹೋಗತೊಡಗಿತು. ಮೊದಲು ಹೊಲಿಗೆಯ ಸೂಜಿ ಕಾಣಲಿಲ್ಲ, ಆಮೇಲೆ ಎದುರಿಗಿದ್ದವರ ಮುಖ. ನೇರ ನೋಡಿದ್ದು ಮಬ್ಬು, ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು. ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅವಳು, “ರಾತ್ರಿ ಊಟಕ್ಕೆ ನೂಡಲ್ಸ್ ಮಾಡೋಣ, ಕೋಳಿ ಉಳ್ದಿದೆ” ಎಂದಳು. ಆರ್ಲೋಗೆ ರಸ್ತೆ ಕಾಣದಂತಾಗಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಅವನಿಗೆ ಮೊದಲು ನೆನಪಾದದ್ದು ರಟ್ಟಿನ ಪೆಟ್ಟಿಗೆ.

ಮುಂದಿನ ಮೇಳದಲ್ಲಿ ಕ್ಲೇಟನ್‌ನ ಮೇಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಅವನ ಹೆಂಡತಿ ನಾರ್ಮಾ. ಕ್ಲೇಟನ್ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವಳು ಗ್ಯಾರೇಜು ಖಾಲಿ ಮಾಡುತ್ತಿದ್ದಳು.

ಆರ್ಲೋ ಟೋಪಿ ತೆಗೆದು ಹೆಸರು ಹೇಳಿದ.

“ಓ, ನೀವೇನಾ ಬೆಕ್ಟೆಲ್” ಎಂದಳು ನಾರ್ಮಾ. “ಅಳತೆ ಇಕ್ಕಳದವ್ರು.”

“ಅವತ್ತು ನಾನು ಹಾಗೆ ಅನ್ಬಾರ್ದಿತ್ತು.”

“ಅವ್ರು ಆ ಅಚ್ಚಿಗೆ ಎಷ್ಟು ಭಾನುವಾರ ಕೂತಿದ್ರು ಗೊತ್ತಾ? ಚರ್ಚಿಗೂ ಬರ್ದೆ.” ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಅದು ಆರ್ಲೋಗೆ ಇನ್ನೂ ಕಷ್ಟವಾಯಿತು. “ಎಸೀರಿ ಅಂದ್ರೆ ಎಸೀತಿರ್ಲಿಲ್ಲ. ಇನ್ನೊಂದ್ಸಲ ಬಂದು ಕೇಳ್ತಾನೆ ನೋಡ್ತಿರು ಅನ್ನೋರು. ನೀವು ಬರ್ಲೇ ಇಲ್ಲ.”

ಅವಳು ಒಂದು ಹಳೆಯ ಡಬ್ಬಿಯನ್ನು ಹುಡುಕಿ ಅವನ ಕೈಗಿಟ್ಟಳು. ಜೇಬಿನಲ್ಲಿ ಇಕ್ಕಳವಿತ್ತು. ಅವನು ಅದನ್ನು ತೆಗೆಯಲಿಲ್ಲ.

ಮನೆಗೆ ಬಂದವನು ಭೂತಗನ್ನಡಿಯಡಿಯಲ್ಲಿ ಕೊಂಡಿಗಳನ್ನು ಒಂದೊಂದಾಗಿ ಅಂಟಿಸಿದ. ಅವನ ಕೈಯೂ ಈಗ ಮೊದಲಿನಂತಿರಲಿಲ್ಲ. ಅಂಟು ಒಂದು ಕಡೆ ಹೆಚ್ಚು, ಒಂದು ಕಡೆ ಸಾಲದು. ಆದರೂ ಕೂತವು. ನೋಡಿದರೆ ದಪ್ಪವೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಪುಸ್ತಕಗಳಲ್ಲಿದ್ದ ಚಿತ್ರ ನೋಡಿ ಹಳದಿ ಬಣ್ಣ ಬಳಿದ. ಒಣಗಿದ ಮೇಲೆ ಅಡುಗೆಮನೆಗೆ ತಂದು ವರ್ನಾಳ ಎರಡೂ ಕೈ ಹಿಡಿದು ಗಾಡಿಯನ್ನು ಅವುಗಳಲ್ಲಿಟ್ಟ.

“ಏನಿದು?” ಎಂದವಳು ಬೆರಳಾಡಿಸಿದಳು. ಚಾವಣಿ, ಏಣಿ, ತೊಟ್ಟಿಯ ಮುಚ್ಚಳ. “ಅಯ್ಯೋ ಆರ್ಲೋ. ಅಪ್ಪ ನಿಲ್ತಿದ್ದಿದ್ದು ಇಲ್ಲೇ.” ಬೆರಳುಗಳು ತೊಟ್ಟಿಯ ಸುತ್ತ ಇಳಿದವು, ಇನ್ನೊಮ್ಮೆ ಬಳಸಿದವು. ಆರ್ಲೋ ನೋಡುತ್ತಲೇ ಇದ್ದ. ಅವಳ ಬೆರಳು ಹೋದಲ್ಲೆಲ್ಲ ಕೊಂಡಿಗಳು ಕಳಚಿ ಮೇಜಿನ ಬಟ್ಟೆಯ ಮೇಲೆ ಉದುರುತ್ತಿದ್ದವು. ಅವಳಿಗೆ ಅದು ತಿಳಿಯಲಿಲ್ಲ. ಅವನು ಬೇಡವೆನ್ನಲಿಲ್ಲ.

“ಬಣ್ಣ ಯಾವ್ದು ಹಾಕ್ದೆ?”

“ಹಳದಿ.”

ಅವಳ ಕೈ ನಿಂತಿತು. “ನಮ್ಮೂರಿನ ಗಾಡಿ ಹಸಿರಿತ್ತು” ಎಂದಳು. ಆಮೇಲೆ ಬೇಗನೆ, “ಇರ್ಲಿ ಬಿಡು, ಹಳದೀನೂ ಚೆನ್ನಾಗಿರತ್ತೆ.”

“ನೀನು ಹೇಳ್ಲೇ ಇಲ್ವಲ್ಲ.”

“ನೀನು ಕೇಳ್ಲೇ ಇಲ್ವಲ್ಲ.”

ಅದು ನಿಜ. ಒಂದು ಕೊಂಡಿಗಾಗಿ ಮೂರು ರಾಜ್ಯದ ಅಪರಿಚಿತರನ್ನು ಕೇಳಿದ್ದ. ಆ ಗಾಡಿಯನ್ನು ಕಣ್ಣಾರೆ ಕಂಡಿದ್ದವಳು ನೆಲಮಾಳಿಗೆಯ ಮೇಲೆ ಮನೆಯಲ್ಲೇ ಇದ್ದಳು.

ಮರುದಿನ ಅವನು ಹಳದಿಯನ್ನು ಉಜ್ಜಿ ತೆಗೆದ. ಉಳಿದ ಕೊಂಡಿಗಳೂ ಅದರ ಜೊತೆ ಹೋದವು. ಆಮೇಲೆ ಬಣ್ಣದ ಸೀಸೆಗಳನ್ನು ಮೇಲೆ ತಂದು, ಕಿಟಕಿಯ ಪಕ್ಕ ಅವಳೆದುರು ಕೂತ.

“ಎಂಥ ಹಸಿರು ಹೇಳು.”

“ಬೇಯಿಸಿದ ಬಟಾಣಿ ಥರ. ಅಲ್ಲ, ಅಷ್ಟು ಮಂಕಲ್ಲ. ಬಿಸಿಲಿಗೆ ಸ್ವಲ್ಪ ಬಿಳುಚಿಕೊಂಡಿತ್ತು.”

ಅವನು ಕಲಸಿ ಒಂದು ಚಕ್ಕೆಗೆ ಬಳಿದು ಹಿಡಿದ. ಅವಳು ತಲೆಯನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡಿ, “ಊಹೂಂ” ಎಂದಳು. ಬಿಳಿ ಬೆರೆಸಿ ಹಿಡಿದ. ಅದೂ ಅಲ್ಲವೆಂದಳು. ಮತ್ತೆ ಕಲಸಿದ. ಈ ಸಲ ಅವಳು ಚಕ್ಕೆಯ ಕಡೆ ಹೆಚ್ಚು ಹೊತ್ತು ತಲೆ ತಿರುಗಿಸಿಕೊಂಡಿದ್ದಳು. ಆಮೇಲೆ ಕೈಚಾಚಿ ಅವನ ಮೊಣಕೈ ಮುಟ್ಟಿದಳು. ಅವನು ಆಗಲೇ ಇನ್ನೊಂದು ಸೀಸೆಗೆ ಕೈಹಾಕಿದ್ದ.

“ಇದೇ. ಸರಿಯಾಗಿ ಇದೇ” ಎಂದಳು.

ಅವಳಿಗೆ ಬಣ್ಣ ಕಂಡಿರಲಿಲ್ಲ ಎಂದು ಆರ್ಲೋಗೆ ಗೊತ್ತಿತ್ತು. ಅವನು ಕುಂಚ ಅದ್ದಿ ಗಾಡಿಗೆ ಆ ಹಸಿರನ್ನೇ ಬಳಿಯತೊಡಗಿದ.