ಯಾರೂ ಓದದ ಪುಟ ತಿದ್ದುವ ಒದಾಲಿಸ್

ಕರೆಂಟು ಬಂದಿದೆ. ಇನ್ನೂ ಬೆಳಕು ಹರಿದಿಲ್ಲ, ಆದರೂ ಪಾಲ್ಮಿತಾ ಬೀದಿಯಲ್ಲಿ ಯಾರೂ ಮಲಗಿಲ್ಲ. ಒಂದು ಮನೆಯಲ್ಲಿ ಅನ್ನದ ಕುಕ್ಕರು, ಪಕ್ಕದ ಮನೆಯಲ್ಲಿ ಬಟ್ಟೆ ಒಗೆಯುವ ಮಷೀನು, ಮೂಲೆಮನೆಯಲ್ಲಿ ಇಸ್ತ್ರಿಪೆಟ್ಟಿಗೆ, ಎಲ್ಲವೂ ಒಟ್ಟಿಗೇ ಶುರು. ಮತ್ತೆ ಯಾವಾಗ ಹೋಗುತ್ತದೋ ಯಾರಿಗೆ ಗೊತ್ತು! ಒದಾಲಿಸ್ ಪೆಡ್ರೋಸೊ ಮಾತ್ರ ಕುಕ್ಕರನ್ನು ಮರೆತು ಹಳೆಯ ಲ್ಯಾಪ್‌ಟಾಪಿನ ಪ್ಲಗ್ಗನ್ನು ಗೋಡೆಗೆ ಚುಚ್ಚುತ್ತಾರೆ. ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಕುರ್ಚಿ ಇದೆ, ಆದರೆ ಅವರು ಕೂರುವುದಿಲ್ಲ. ನಿಂತೇ ಎರಡು ಸಾಲು ಬರೆಯುತ್ತಾರೆ, ಕಿಟಕಿಯವರೆಗೆ ಹೋಗಿ ಬರುತ್ತಾರೆ, ಒಂದು ಸಾಲು ಅಳಿಸುತ್ತಾರೆ, ಮತ್ತೆ ಕಿಟಕಿಗೆ ಹೋಗುತ್ತಾರೆ. ಅವರ ಬಗ್ಗೆ ಬರೆಯಲೆಂದು ನೋಡುತ್ತ ಕೂತ, ಇದೇ ಬೀದಿಯ ನನಗೇ ಕಾಲು ನೋವು ಬರುತ್ತದೆ.

"ಅಳಿಸಿದ್ದೇ ಜಾಸ್ತಿ ನಾನು. ಸತ್ತು ಮೇಲೆ ಹೋದಾಗ ಏನು ಮಾಡ್ದೆ ಅಂತ ಕೇಳಿದ್ರೆ, ಅಳಿಸ್ದೆ ಸ್ವಾಮಿ ಅಂತೀನಿ" ಎನ್ನುತ್ತಾರೆ.

ಇವತ್ತಿನ ಚಡಪಡಿಕೆಗೆ ಕಾರಣವಿದೆ. ಒದಾಲಿಸ್ ತಿದ್ದುತ್ತಿರುವುದು ಒಂದು ಕೈಪಿಡಿಯನ್ನು. ಅದರ ಹೊಸ ಆವೃತ್ತಿಯ ಕೆಲಸವನ್ನು ನೋಡಿಕೊಳ್ಳುವ ಹೆನ್ನಿಂಗ್ ಎಂಬುವರು ಕಡಲಾಚೆ ಡೆನ್ಮಾರ್ಕಿನಲ್ಲಿದ್ದಾರೆ. ಇವತ್ತು ಅಲ್ಲಿ ಮಧ್ಯಾಹ್ನವಾದರೆ ಈ ಆವೃತ್ತಿಯ ಬಾಗಿಲು ಮುಚ್ಚಿದಂತೆ. ನಮ್ಮ ಊರಾದ ಕಮಾಗ್ವೆಯಲ್ಲಿ ಅದು ಸೂರ್ಯ ಹುಟ್ಟುವ ಹೊತ್ತು. ಅಷ್ಟರಲ್ಲಿ ಒದಾಲಿಸ್ ಅವರ ಎರಡು ಸಾಲು ತಲುಪದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಕಾಯುವುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ನಿಜ. ಆದರೆ ಎರಡು ಮನೆ ಆಚೆ ಎಲಿಯೆಸೆರ್ ಎಂಬ ಹುಡುಗ ಕಳ್ಳನೆಂಬ ಹೆಸರು ಹೊತ್ತು ಮನೆಯೊಳಗೇ ಕೂತಿದ್ದಾನೆ. ಅವನು ಇನ್ನೊಂದು ವರ್ಷ ಹಾಗೆ ಕೂರಲಾರ.

ಒದಾಲಿಸ್ ಬಡಾವಣೆಯ ಕಂಪ್ಯೂಟರ್ ಕ್ಲಬ್ಬಿನಲ್ಲಿ ಟೀಚರಮ್ಮ. ಈ ಬೀದಿಯ ಅರ್ಧದಷ್ಟು ಮಕ್ಕಳು ಅವರಿಂದಲೇ ಕೀಲಿಮಣೆ ಮುಟ್ಟುವುದನ್ನು ಕಲಿತವರು. ಕ್ಲಬ್ಬಿನ ಹಳೆಯ ಯಂತ್ರಗಳಲ್ಲಿ ಓಡುವುದು ಯಾರೂ ಬೆಲೆ ಕೇಳದ, ಜಗತ್ತಿನವರೆಲ್ಲ ಸೇರಿ ಬಿಡುವಿನಲ್ಲಿ ಕಟ್ಟಿದ ಒಂದು ಸಾಫ್ಟ್‌ವೇರು ವ್ಯವಸ್ಥೆ. ಅದಕ್ಕೊಂದು ಕೈಪಿಡಿಯಿದೆ. ಪ್ರೋಗ್ರಾಮು ಬರೆಯುವವರು ತೊಡಕು ಬಂದಾಗ ಅದನ್ನು ತೆರೆದು, ಬೇಕಾದ ಉದಾಹರಣೆಯನ್ನು ನಕಲು ಮಾಡಿಕೊಂಡು, ಮುಚ್ಚಿ ಹೋಗುತ್ತಾರೆ. ಅದನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. ಸಂಬಳವಂತೂ ಇಲ್ಲವೇ ಇಲ್ಲ.

ಆ ಕೈಪಿಡಿಯಲ್ಲಿ ಒದಾಲಿಸ್ ಪಾಲಿಗೆ ಬಂದದ್ದು ಕ್ಯೂಗಳ ಪುಟ. ಕಂಪ್ಯೂಟರಿನೊಳಗೂ ಕ್ಯೂ ಇರುತ್ತದೆ. ಅಲ್ಲಿ ಪ್ರತಿಯೊಂದು ವಸ್ತುವೂ ತನ್ನ ಮುಂದಿನದು ಎಲ್ಲಿದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡಿರುತ್ತದೆ, ಕೊಂಡಿಗೆ ಕೊಂಡಿ. ಅಂಥ ಕ್ಯೂ ಕಟ್ಟಲು, ಸೇರಿಸಲು, ತೆಗೆಯಲು ಸಿದ್ಧ ಅಚ್ಚುಗಳಿವೆ. ಮ್ಯಾಕ್ರೊ ಎನ್ನುತ್ತಾರೆ. ಒಂದು ಹೆಸರು ಬರೆದರೆ ಸಾಕು, ಅದರ ಜಾಗದಲ್ಲಿ ಪ್ರೋಗ್ರಾಮಿನ ಸಾಲುಗಳು ತಾವೇ ಬಂದು ಕೂರುತ್ತವೆ. ಎಷ್ಟೋ ಬಗೆಯ ಕ್ಯೂ, ನೂರಾರು ಹೆಸರು, ಎಲ್ಲವನ್ನೂ ಹಿಂದೆ ಯಾರೋ ಒಂದೇ ಪುಟಕ್ಕೆ ತುರುಕಿದ್ದರು. ಒದಾಲಿಸ್ ಅದನ್ನು ಬಿಡಿಸಿ ಒಂದೊಂದು ಬಗೆಗೆ ಒಂದೊಂದು ಪುಟ ಮಾಡಿದರು. ಕರೆಂಟು ಇದ್ದಾಗಿನ ಬೆಳಗಿನ ಹೊತ್ತಿನಲ್ಲಿ, ದಿನಕ್ಕೆ ಒಂದೆರಡು ಸಾಲಿನಂತೆ, ವರ್ಷಗಟ್ಟಲೆ.

ಅವರದೊಂದು ವಿಚಿತ್ರ ಪದ್ಧತಿ. ಬರೆದ ಪ್ರತಿ ವಾಕ್ಯವನ್ನೂ ಎದುರುಮನೆಯ ಫೇಲಾಗೆ ಓದಿ ಹೇಳುತ್ತಾರೆ. ಫೇಲಾ ಜಗಲಿಯ ಮೇಲೆ ಹೆಂಗಸರ ಕೂದಲು ಕತ್ತರಿಸುವ, ಬಣ್ಣ ಹಚ್ಚುವ ಕೆಲಸದವರು. ಕಂಪ್ಯೂಟರು ಮುಟ್ಟಿದವರಲ್ಲ. ಬಾಯಿ ಮಾತ್ರ ಇಡೀ ಬೀದಿಗೆ ಸಾಕಾಗುವಷ್ಟಿದೆ. ಫೇಲಾ "ಅದು ಅಂದ್ರೆ ಯಾವುದು?" ಎಂದು ಕೇಳಿದರೆ ಆ ವಾಕ್ಯ ಬಿತ್ತು. "ಅವಳಿಗೆ ತಲೆ ಕೊಟ್ಟು ಕೂತಾಗ ನಾನು ಎದ್ದು ಓಡಾಡೋಕಾಗಲ್ಲ ನೋಡಿ. ಅದೊಂದೇ ಹೊತ್ತು ನಾನು ಸುಮ್ನೆ ಕೂರೋದು" ಎಂದು ಒದಾಲಿಸ್ ನಗುತ್ತಾರೆ.

ಇನ್ನು ಎಲಿಯೆಸೆರ್ ವಿಷಯ. ನಲ್ಲಿಯಲ್ಲಿ ನೀರು ಬಾರದ ಬೀದಿಗಳಿಗೆ ಟ್ಯಾಂಕರು ಕಳಿಸುವ ಕಚೇರಿಯಲ್ಲಿ ಅವನಿಗೆ ಕೆಲಸವಿತ್ತು. ಯಾವ ಬೀದಿಯ ನಂತರ ಯಾವ ಬೀದಿ ಎಂದು ಹೇಳುವ ಪ್ರೋಗ್ರಾಮು ಅವನದೇ. ನೀರು ಮುಟ್ಟಿದ ಬೀದಿಯನ್ನು ಕ್ಯೂನಿಂದ ತೆಗೆಯುತ್ತ ಅದು ಮುಂದೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಒಂದು ದಿನ ಪಾಲ್ಮಿತಾ ಬೀದಿಗೆ ಟ್ಯಾಂಕರು ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮೇಲಿನ ಬೀದಿಯ ವಸತಿಗೃಹದವರು ಮಾತ್ರ ಅಂಗಳ ತೊಳೆಯುತ್ತಿದ್ದರು. ಇಷ್ಟು ಸಾಕಾಯಿತು. ಎಲಿಯೆಸೆರ್ ನಮ್ಮ ನೀರನ್ನು ಮಾರಿಕೊಂಡ ಎಂದು ಮೊದಲು ಹೇಳಿದವರು ಫೇಲಾ. ಆಮೇಲೆ ಎಲ್ಲರೂ ಹೇಳಿದರು. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಕಚೇರಿಯವರೂ ಕಳಿಸಿದರು.

ಒದಾಲಿಸ್ ಅವರದೂ ಅದೇ ಬೀದಿ, ಅವರೂ ದೂರದಿಂದ ನೀರು ಹೊತ್ತವರೇ. ಕೆರಳಿ ಅವನ ಮನೆಗೆ ನುಗ್ಗಿದರು. "ಕೊಡೋ ಇಲ್ಲಿ ನಿನ್ನ ಪ್ರೋಗ್ರಾಮು. ನೀನು ಕಳ್ಳನೋ ದಡ್ಡನೋ ನಾನೇ ನೋಡ್ತೀನಿ."

ನೋಡಿದರು. ಅವನು ಕಳ್ಳನಲ್ಲ. ಕೈಪಿಡಿಯ ಉದಾಹರಣೆಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡಿದ್ದ, ಅಷ್ಟೇ. ಆ ಉದಾಹರಣೆ ಒದಾಲಿಸ್ ಕೈಹಾಕುವ ಎಷ್ಟೋ ವರ್ಷ ಮೊದಲಿನದು. ಅವರು ಪುಟ ಬಿಡಿಸುತ್ತ ಇನ್ನೂ ಅಲ್ಲಿಯವರೆಗೆ ಬಂದಿರಲಿಲ್ಲ.

ತಪ್ಪೇನೆಂಬುದನ್ನು ನನಗೆ ಅರ್ಥ ಮಾಡಿಸಿದ್ದು ಒದಾಲಿಸ್ ಅಲ್ಲ, ಫೇಲಾ. ಜಗಲಿಯ ಮೇಲೆ, ಕೈಯಲ್ಲಿ ಕತ್ತರಿ ಹಿಡಿದು. ನಮ್ಮಲ್ಲಿ ಕ್ಯೂ ಅಂದರೆ ಯಾರೂ ಒಬ್ಬರ ಹಿಂದೊಬ್ಬರು ನಿಲ್ಲುವುದಿಲ್ಲ. ಬಂದವರು "ಕೊನೆ ಯಾರು?" ಎಂದು ಕೂಗುತ್ತಾರೆ, ಒಬ್ಬರು ಕೈಯೆತ್ತುತ್ತಾರೆ, ಅವರ ಹಿಂದೆ ತಾವು ಎಂದು ಇಬ್ಬರೂ ಮುಖ ನೋಡಿಕೊಂಡು ನೆರಳು ಸಿಕ್ಕಲ್ಲಿ ಹೋಗಿ ಕೂರುತ್ತಾರೆ. ಒದಾಲಿಸ್ ಇದನ್ನೇ ಹಿಡಿದು ಕೇಳಿದರು.

"ಕ್ಯೂ ಉದ್ದಕ್ಕೂ ವಿಚಾರಿಸ್ಕೊಂಡು ಹೋಗ್ತಿದೀಯ ಅಂತಿಟ್ಕೊ ಫೇಲಾ. ಒಬ್ಬನ ಕೆಲಸ ಆಯ್ತು, ಅವನನ್ನ ಮನೆಗೆ ಕಳಿಸ್ಬೇಕು. ಏನು ಮಾಡ್ತೀಯ?"

"ನಿನ್ನ ಹಿಂದೆ ಯಾರಪ್ಪ ಅಂತ ಕೇಳ್ತೀನಿ. ಆಮೇಲೆ ಕಳಿಸ್ತೀನಿ."

"ಮೊದ್ಲು ಕಳಿಸಿಬಿಟ್ರೆ?"

"ಕಳಿಸಿಬಿಟ್ಟು ಯಾರನ್ನ ಕೇಳೋದು, ಅವನು ಕೂತಿದ್ದ ಕಲ್ಲನ್ನಾ? ಯಾವ ಪೆದ್ದ ಹಂಗೆ ಮಾಡ್ತಾನೆ?"

"ಎಲಿಯೆಸೆರ್ ಮಾಡ್ದ. ಹಂಗೇ ಮಾಡು ಅಂತ ಪುಸ್ತಕದಲ್ಲಿತ್ತು."

"ಹಂಗಾದ್ರೆ ಪುಸ್ತಕ ಬರೆದೋನು ಹುಟ್ಟಿದಾಗಿಂದ ಒಂದು ಕ್ಯೂನಲ್ಲೂ ನಿಂತಿಲ್ಲ!"

ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವರು ನಕ್ಕು ನಕ್ಕು ಬಣ್ಣ ಕೆಡಿಸಿಕೊಂಡರು. ಹಾಗಿದ್ದರೆ ಪ್ರೋಗ್ರಾಮು ಅಷ್ಟು ತಿಂಗಳು ಓಡಿದ್ದು ಹೇಗೆ? ಕಂಪ್ಯೂಟರಿನಲ್ಲಿ, ಎದ್ದು ಹೋದವನ ಜಾಗದಲ್ಲಿ ಅವನ ಗುರುತು ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ. ಕೇಳಿದರೆ ಸರಿಯಾದ ಉತ್ತರವೇ ಸಿಗುತ್ತದೆ. ಬೇರೆ ಯಾರಾದರೂ ಬಂದು ಅಲ್ಲಿ ಕೂತ ದಿನ ಕ್ಯೂ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಕ್ಯೂನಿಂದ ನಮ್ಮ ಬೀದಿ ಬಿಟ್ಟುಹೋದದ್ದು ಹಾಗೆ.

ಅರ್ಥವಾಯಿತೆಂದ ಮಾತ್ರಕ್ಕೆ ಫೇಲಾ ಒಪ್ಪಿದರು ಎಂದುಕೊಳ್ಳಬೇಡಿ. "ನಿನ್ನ ಶಿಷ್ಯ, ನಿನ್ನ ಬಾಯಿ. ಅವನನ್ನ ಉಳಿಸ್ಕೊಳೋಕೆ ನೀನೇನು ಬೇಕಾದ್ರೂ ಹೇಳ್ತೀಯ. ಆ ಪುಸ್ತಕದೋನು ಹೇಳ್ಲಿ, ತಪ್ಪು ನಂದು ಅಂತ. ಆಗ ನೋಡೋಣ."

ಅದಾದ ಮೇಲೆ ನಾನು ಕಂಡದ್ದನ್ನು ಹೇಳಬೇಕು. ಕಚೇರಿಯವರು ಕೈಯಲ್ಲೇ ಪಟ್ಟಿ ಬರೆದು, ಟ್ಯಾಂಕರು ಮತ್ತೆ ಬರತೊಡಗಿದ ದಿನ ಎಲಿಯೆಸೆರ್ ಎರಡು ಬಕೆಟ್ಟು ಹಿಡಿದು ಬಂದ. "ಕೊನೆ ಯಾರು?" ಎಂದ. ಯಾರೂ ಕೈಯೆತ್ತಲಿಲ್ಲ. ಇನ್ನೊಮ್ಮೆ ಕೇಳಿದ. ಹೆಂಗಸರು ಬೀಸಣಿಗೆ ಬೀಸಿಕೊಳ್ಳುತ್ತ ಆಕಾಶ ನೋಡಿದರು. ಉತ್ತರ ಸಿಗದವನಿಗೆ ನಮ್ಮ ಕ್ಯೂನಲ್ಲಿ ಜಾಗವೇ ಇಲ್ಲ. ಯಾರ ಹಿಂದೆ ನಿಲ್ಲುವುದು? ಅವನು ಖಾಲಿ ಬಕೆಟ್ಟು ಹಿಡಿದು ವಾಪಸು ಹೋದ. ಅವತ್ತಿನಿಂದ ರೈಲುಹಳಿ ಆಚೆಯ ಚಿಕ್ಕಮ್ಮನ ಮನೆಯಿಂದ ಸೈಕಲ್ಲಿನಲ್ಲಿ ನೀರು ತರುತ್ತಾನೆ.

ಒದಾಲಿಸ್ ಹೆನ್ನಿಂಗರಿಗೆ ಬರೆದರು. ಕೈಪಿಡಿಗೆ ಸೇರಿಸಿ ಎಂದು, ಸಿಟ್ಟಿನಲ್ಲಿ ಮೂರು ಪುಟದ ಎಚ್ಚರಿಕೆ. ಉತ್ತರ ಚುಟುಕಾಗಿತ್ತು: ಕೈಪಿಡಿ ಇರುವುದು ನೆನಪಿಸುವುದಕ್ಕೆ, ಬೈಯುವುದಕ್ಕಲ್ಲ, ಸರಿಯಾದ ಉದಾಹರಣೆ ಕೊಡಿ, ಎಚ್ಚರಿಕೆಗೆ ಎರಡು ಸಾಲು ಸಾಕು. "ಆ ಮನುಷ್ಯ ಕೈಗೆ ಸಿಕ್ಕಿದ್ರೆ ಬಡೀತಿದ್ದೆ" ಎನ್ನುವ ಒದಾಲಿಸ್ ಮರುಕ್ಷಣವೇ ದನಿ ತಗ್ಗಿಸುತ್ತಾರೆ. "ಆದ್ರೆ ಅವರು ಹೇಳಿದ್ದು ಸರಿ. ಸಿಕ್ಕಿಹಾಕ್ಕೊಂಡೋನು ಮೂರು ಪುಟ ಎಲ್ಲಿ ಓದ್ತಾನೆ? ಎರಡು ಸಾಲಾದ್ರೆ ಕಣ್ಣಿಗೆ ಬೀಳುತ್ತೆ."

ಆ ಎರಡು ಸಾಲು ಈಗ ಪರದೆಯ ಮೇಲಿದೆ. "ನಡೆಯುತ್ತಲೇ ತೆಗೆಯುವುದಾದರೆ, ತೆಗೆಯುವ ಮೊದಲು ಮುಂದಿನದನ್ನು ನೆನಪಿಡಿ. ಅದಕ್ಕೆಂದೇ ಇರುವ ಇನ್ನೊಂದು ಮ್ಯಾಕ್ರೊವನ್ನು ಬಳಸಿ." ಉದಾಹರಣೆಯನ್ನು ಇನ್ನೊಮ್ಮೆ ಓಡಿಸಿ ನೋಡುತ್ತಾರೆ. ಸರಿ ಇದೆ. ಇನ್ನೊಮ್ಮೆ. ಹೊರಗೆ ಬೆಳ್ಳಗಾಗುತ್ತಿದೆ. ಕಳಿಸಿ ಮಾರಾಯ್ತಿ ಎಂದು ನನಗೆ ಕೂಗಬೇಕೆನಿಸುತ್ತದೆ. ಅವರು ಗುಂಡಿ ಒತ್ತುತ್ತಾರೆ, ಬೀದಿಯ ಮಷೀನುಗಳೆಲ್ಲ ಒಮ್ಮೆಲೇ ನಿಂತುಹೋಗುತ್ತವೆ, ಪರದೆ ಕಪ್ಪಾಗುತ್ತದೆ.

ಹೋಯಿತೋ ಇಲ್ಲವೋ?

ಒದಾಲಿಸ್ ಫೋನು ಹಿಡಿದು ತಾರಸಿಗೆ ಓಡುತ್ತಾರೆ. ಸಿಗ್ನಲ್ಲು ಸಿಗುವುದು ನೀರಿನ ತೊಟ್ಟಿಯ ಪಕ್ಕ, ಅದೂ ಕೈಯೆತ್ತಿ ಹಿಡಿದರೆ. ಹಿಡಿದೇ ನಿಲ್ಲುತ್ತಾರೆ. ಸೂರ್ಯ ಹೆಂಚುಗಳ ಮೇಲೆ ಬರುತ್ತಾನೆ. ನಾನು ಕೆಳಗಿಂದ, ಪುಡಿ ಸಾಲದೆ ಹುರಿದ ಬಟಾಣಿ ಬೆರೆಸಿದ ಕಾಫಿ ತಂದುಕೊಡುತ್ತೇನೆ, ಅವರು ಅದನ್ನು ಮುಟ್ಟುವುದಿಲ್ಲ. ಕೊನೆಗೆ ಫೋನು ಕಿಣಿಗುಟ್ಟುತ್ತದೆ. ಹೆನ್ನಿಂಗ್ ಬರೆದಿದ್ದಾರೆ: "ಸೇರಿಸಿದ್ದೇನೆ. ಆ ಹಳೆಯ ಉದಾಹರಣೆ ನಾನು ಚಿಕ್ಕವನಿದ್ದಾಗ ಬರೆದದ್ದು. ತಪ್ಪು ನನ್ನದೇ. ಇದರಿಂದ ಯಾರಿಗಾದರೂ ತೊಂದರೆಯಾಯಿತೇ?"

"ತೊಂದರೆ ಆಯ್ತಾ ಅಂತ ಕೇಳ್ತಾರೆ ನೋಡಿ!" ಒದಾಲಿಸ್ ನಗುತ್ತಾರೆ, ನಗುತ್ತಲೇ ಅಳುತ್ತಾರೆ. ಆಮೇಲೆ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಟ್ಯಾಂಕರು ಬರುವ ಹೊತ್ತಿಗೆ ಬೀದಿಯಲ್ಲಿ ಬಕೆಟ್ಟುಗಳು ಸೇರಿವೆ. ಒದಾಲಿಸ್ ಆ ಪತ್ರವನ್ನು ನಮ್ಮ ಭಾಷೆಗೆ ತಿರುಗಿಸಿ ಫೇಲಾ ಎದುರು ಓದುತ್ತಾರೆ. ಕ್ಯೂ, ಮ್ಯಾಕ್ರೊ, ಉದಾಹರಣೆ ಯಾವುದೂ ಫೇಲಾಗೆ ಬೇಕಿಲ್ಲ.

"ತಪ್ಪು ನಂದು ಅಂತ ಬರ್ದಿದಾನಾ? ಅವನೇ?"

"ಅವರೇ."

"ಗಂಡಸು?"

"ಹೂಂ ಕಣೇ."

"ಯಾರೂ ಕುತ್ತಿಗೆ ಹಿಡಿದಿಲ್ಲ, ಪೊಲೀಸ್ನೋರು ಬಂದಿಲ್ಲ, ತಾನೇ ಬರ್ದಿದಾನಾ? ಐವತ್ತು ವರ್ಷದಿಂದ ಗಂಡಸರ ಕೂದಲು ಕೂಡ ಕತ್ತರಿಸಿದೀನಿ ಮಾರಾಯ್ತಿ, ಇಂಥದ್ದು ಕೇಳೇ ಇಲ್ಲ. ಇನ್ನೊಂದ್ಸಲ ಓದು."

ಒದಾಲಿಸ್ ಇನ್ನೊಮ್ಮೆ ಓದುತ್ತಾರೆ. ನಂತರ ಹೋಗಿ ಎಲಿಯೆಸೆರ್‌ನ ಬಾಗಿಲು ಬಡಿದು, ಅವನ ತೋಳು ಹಿಡಿದು ಎಳೆದುಕೊಂಡೇ ಬರುತ್ತಾರೆ. ಅವನು ಬಕೆಟ್ಟು ಹಿಡಿದು ಮೂಲೆಯಲ್ಲಿ ನಿಲ್ಲುತ್ತಾನೆ. ಕೊನೆ ಯಾರೆಂದು ಅವನು ಕೇಳುವವರೆಗೂ ಕಾಯಲು ಫೇಲಾಗೆ ತಾಳ್ಮೆಯಿಲ್ಲ.

"ಏನೋ ಕಂಬದ ಥರ ನಿಂತೆ? ಕೊನೆ ನಾನೇ. ನಾನು ಆ ಕೆಂಪು ಟೋಪಿಯೋನ ಹಿಂದೆ. ಮುಖ ನೋಡ್ಕೊ, ಆಮೇಲೆ ಗೊತ್ತಿಲ್ಲ ಅನ್ಬೇಡ."

ಯಾರೂ ಕ್ಷಮೆ ಕೇಳುವುದಿಲ್ಲ. ನಮ್ಮ ಬೀದಿಗೆ ಅಷ್ಟು ದೊಡ್ಡ ಮನಸ್ಸಿಲ್ಲ, ಕಚೇರಿಯಿಂದಲೂ ಇನ್ನೂ ಕರೆ ಬಂದಿಲ್ಲ. ಎಲಿಯೆಸೆರ್ ಫೇಲಾ ಹಿಂದೆ ಬಕೆಟ್ಟು ಇಟ್ಟು ಅದರ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾನೆ. ಒದಾಲಿಸ್ ತಮ್ಮ ಫೋನನ್ನು ಅವನ ಕೈಗೆ ತುರುಕುತ್ತಾರೆ. ಅವನು ಹೊಸ ಪುಟವನ್ನು ಓದುತ್ತಾನೆ, ಮೇಲೆ ಹೋಗಿ ಮತ್ತೆ ಓದುತ್ತಾನೆ. ಹುಬ್ಬು ಗಂಟಿಕ್ಕುತ್ತದೆ.

"ಟೀಚರ್, ಇದು ಪೂರ್ತಿ ಸರಿ ಇಲ್ಲ."

"ಏನು ಸರಿ ಇಲ್ಲ?"

"ಮುಂದಿನೋನನ್ನ ನೆನಪಿಟ್ಕೊಂಡು ಇವನನ್ನ ಕಳಿಸ್ತೀರಿ, ಸರಿ. ಅಷ್ಟರಲ್ಲಿ ಆ ಮುಂದಿನೋನನ್ನೇ ಬೇರೆ ಯಾರೋ ಕಳಿಸಿಬಿಟ್ಟಿದ್ರೆ? ಆಗ್ಲೂ ಕೆಟ್ಟು ಕೂರುತ್ತೆ. ಅದನ್ನ ನೀವು ಎಲ್ಲೂ ಬರ್ದೇ ಇಲ್ಲ."

ಒದಾಲಿಸ್ ಫೋನು ಕಸಿದುಕೊಂಡು ಪುಟವನ್ನು ಇನ್ನೊಮ್ಮೆ ಓದುತ್ತಾರೆ. "ಹೋಯ್ತು ನಿನ್ನ ಎರಡು ಸಾಲು!" ಎಂದು ಫೇಲಾ ಚಪ್ಪಾಳೆ ತಟ್ಟುತ್ತಾರೆ.

"ಮೂರನೇ ಸಾಲು ನೀನೇ ಬರಿ. ನಾಳೆ ಕರೆಂಟು ಬಂದ ಕೂಡ್ಲೆ ಬಾ" ಎಂದು ಒದಾಲಿಸ್ ಅವನಿಗೆ ಗದರುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ.

"ಇದನ್ನ ಬರ್ಕೊಳಿ. ಕಳ್ಳ ಅಂದ್ರೂ ಸುಮ್ನಿದ್ದ ಇವನು, ಮನೆಗೆ ಹೋಗು ಅಂದ್ರೂ ಸುಮ್ನಿದ್ದ. ಇವತ್ತು ನನ್ನ ತಪ್ಪು ಹಿಡಿದ."