ಭಾವನ ಮೇಪಲ್ ಕೆಂಪಾಯಿತು

ನನ್ನ ಹೆಂಡತಿಯ ಅಣ್ಣನಿಗೆ ಕೈಗುಣ ಇದೆ ಎನ್ನುವುದು ನಮ್ಮ ಮನೆಯಲ್ಲಿ ಮದುವೆಯ ಮಾರನೆಯ ದಿನದಿಂದಲೂ ಚರ್ಚೆಗೆ ಅವಕಾಶವಿಲ್ಲದ ವಿಷಯ. ಅವನು ಕಸಿ ಕಟ್ಟಿದ ಮಾವು ಬೇಗ ಕಾಯಿ ಬಿಡುತ್ತದೆ. ಅವನು ತಿಂದು ಉಗುಳಿದ ಪೇರಳೆ ಬೀಜವೂ ಮರವಾಗುತ್ತದೆ. ನಾನು ಮೂಡುಬಿದಿರೆಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವವನು. ಸುಟ್ಟು ಕರಕಲಾದ ಮೋಟಾರು ನನ್ನ ಕೈಯಲ್ಲಿ ಮತ್ತೆ ತಿರುಗಿದರೆ ಅದಕ್ಕೆ ಯಾರೂ ಕೈಗುಣ ಅನ್ನುವುದಿಲ್ಲ, ಇನ್ನೆಷ್ಟು ಸಮಯ ಬಾಳಿಕೆ ಬರುತ್ತದೆ ಎಂದು ಮಾತ್ರ ಕೇಳುತ್ತಾರೆ.

ಮಿಜಾರಿನ ಒಂದು ಕಾಲೇಜಿನ ಅಂಗಳದಲ್ಲಿ ಗಿಡಗಳ ಪ್ರದರ್ಶನವಿತ್ತು. ಭಾವ ಮುಂಡಾಜೆಯಿಂದ ಬಂದಿದ್ದ, ನಾವೂ ಹೋಗಿದ್ದೆವು. ಮೂಲೆಯ ಮಳಿಗೆಯೊಂದರಲ್ಲಿ ಎರಡು ಮೇಪಲ್ ಸಸಿಗಳಿದ್ದವು. ಪೆನ್ಸಿಲಿನಷ್ಟು ದಪ್ಪ, ಮೂರು ಬೆರಳಿನ ಎಲೆ. "ಇದು ಚಳಿ ಊರಿನ ಗಿಡ, ಚಳಿ ಬಿದ್ದರೆ ಎಲೆಯೆಲ್ಲ ಕೆಂಪಾಗ್ತದೆ, ಬೋನ್ಸಾಯ್ ಮಾಡಬಹುದು, ಆದ್ರೆ ಇಲ್ಲಿ ಬದುಕುವುದಕ್ಕೆ ನಾನು ಗ್ಯಾರಂಟಿ ಕೊಡುವುದಿಲ್ಲ" ಎಂದ ಮಾರುವವನು. ನನಗೆ ಆಸೆ ಹುಟ್ಟಿದ್ದೇ ಆ ಮಾತಿನಿಂದ. ಕೈಗುಣ ಇದ್ದವರಿಗೂ ಗ್ಯಾರಂಟಿ ಇಲ್ಲದ ಗಿಡ ಅಂದರೆ ಅಲ್ಲಿ ಭಾವನೂ ನಾನೂ ಒಂದೇ. ನೆಟ್ಟಗಿನ ಸಸಿಗೆ ಕೈ ಚಾಚಿದೆ. ನನ್ನ ಕೈ ತಲುಪುವ ಮೊದಲೇ ಭಾವ ಅದನ್ನು ಎತ್ತಿಕೊಂಡಿದ್ದ. ಉಳಿದ ಡೊಂಕು ಸಸಿ ನನ್ನ ಪಾಲಿಗೆ ಬಂತು.

ಭಾವ ತನ್ನದನ್ನು ಮೊದಲ ವರ್ಷವೇ ನೀಲಿ ಬಣ್ಣದ ಚಪ್ಪಟೆ ಪಿಂಗಾಣಿ ಕುಂಡಕ್ಕೆ ಹಾಕಿದ. ಹೆಂಡತಿ ಅದರ ಫೋಟೋ ತೆಗೆದು ಮೊಬೈಲಿನ ಪರದೆಗೆ ಹಾಕಿಕೊಂಡಳು. ನಾನು ಪುಸ್ತಕ ಓದಿ, ವಿಡಿಯೋ ನೋಡಿ ಬೇರೆಯೇ ದಾರಿ ಹಿಡಿದೆ. ಬೋನ್ಸಾಯ್ ಹಳೆಯ ಮರದಂತೆ ಕಾಣುವುದು ದಪ್ಪ ಬುಡದಿಂದ. ಬುಡ ದಪ್ಪವಾಗಬೇಕಾದರೆ ಗಿಡವನ್ನು ಕೆಲವು ವರ್ಷ ಅಗಲ ಮಣ್ಣಿನಲ್ಲಿ ಸ್ವತಂತ್ರವಾಗಿ ಬಿಡಬೇಕು. ಕೆಳಗಿನ ಒಂದು ಕೊಂಬೆಯನ್ನು ಕತ್ತರಿಸದೆ ಬೆಳೆಸಬೇಕು, ಬುಡಕ್ಕೆ ದಪ್ಪ ಕೊಟ್ಟ ಮೇಲೆ ಅದನ್ನು ಕಡಿದುಬಿಡಬೇಕು. ಪ್ಲಾಸ್ಟಿಕ್ ಡ್ರಮ್ ಅರ್ಧಕ್ಕೆ ಕೊಯ್ದು ಅದರಲ್ಲಿ ನೆಟ್ಟೆ. ಉಳಿದ ಕೊಂಬೆಗಳನ್ನು ಹಳೆಯ ಮೋಟಾರಿನ ತಾಮ್ರದ ತಂತಿ ಸುತ್ತಿ ಬಾಗಿಸಿದೆ. ತಂತಿ ಸುತ್ತುವುದರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ನೋಡುವವರಿಗೆ ಅದು ಒಂದು ಪೊದೆ. "ಅಣ್ಣನದ್ದು ಬೋನ್ಸಾಯ್, ನಿಮ್ಮದು ಕಾಡು" ಎಂದಳು ಹೆಂಡತಿ.

ಮರುವರ್ಷದ ಮಳೆಗಾಲದಲ್ಲಿ ನನ್ನ ಗಿಡದ ಎಲೆಗಳ ಮೇಲೆ ಕಪ್ಪು ಚುಕ್ಕೆ ಎದ್ದವು. ಭಾವನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ಫಂಗಸ್ ಮಾರಾಯ್ರೆ. ಸ್ವಲ್ಪ ಬೋರ್ಡೋ ಹೊಡೆದು ಬಿಡಿ, ಸರಿ ಆಗ್ತದೆ" ಅಂದ.

ನಮ್ಮ ಕಡೆ ಯಾವ ಗಿಡಕ್ಕೆ ಯಾವ ಕೊಳೆ ಬಂದರೂ ಮೊದಲು ಬಾಯಿಗೆ ಬರುವ ಮದ್ದು ಅದೇ, ಅಡಿಕೆಗೆ ಹೊಡೆಯುವ ಮೈಲುತುತ್ತು ಮತ್ತು ಸುಣ್ಣದ ದ್ರಾವಣ. ನೆರೆಮನೆಯವರು ತೋಟಕ್ಕೆ ಹೊಡೆದು ಉಳಿಸಿದ್ದನ್ನು ಒಂದು ಚೊಂಬು ತಂದು, ಅಡಿಕೆಯ ಹದದಲ್ಲೇ ಹೊಡೆದೆ. ವಾರದೊಳಗೆ ಎಲೆಗಳೆಲ್ಲ ಸುಟ್ಟು ಉದುರಿದವು. "ಅಡಿಕೆಯ ಸ್ಟ್ರಾಂಗಿನಲ್ಲೇ ಹೊಡೆದ್ರಾ? ನಾನು ಸ್ವಲ್ಪ ಅಂತ ಹೇಳಿದ್ದಲ್ವಾ?" ಎಂದು ಭಾವ ನಕ್ಕ. ಬೇಕೆಂದೇ ಹೇಳಿಕೊಟ್ಟನೋ ಎಂಬ ಅನುಮಾನ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಗಿಡ ಮಾತ್ರ ಸಾಯಲಿಲ್ಲ, ತಿಂಗಳು ಕಳೆದು ಮತ್ತೆ ಚಿಗುರಿತು.

ಅದರ ಮುಂದಿನ ಚಳಿಗಾಲದಲ್ಲಿ ಭಾವನ ಮೇಪಲ್ ಕೆಂಪಾಯಿತು. ಮುಂಡಾಜೆ ಚಾರ್ಮಾಡಿ ಘಾಟಿಯ ತಪ್ಪಲಲ್ಲವೇ, ರಾತ್ರಿ ಅಲ್ಲಿ ಒಂದಿಷ್ಟು ಚಳಿ ಬೀಳುತ್ತದೆ. ನಾವು ಹೋದಾಗ ಆ ಗಿಡ ಅವನ ಜಗಲಿಯಲ್ಲಿ ಕುಂಕುಮದ ಬಣ್ಣಕ್ಕೆ ತಿರುಗಿ ನಿಂತಿತ್ತು. ರಬ್ಬರ್ ಹಾಲು ತೆಗೆಯುವವರು, ಪೋಸ್ಟಿನವರು, ದಾರಿಯಲ್ಲಿ ಹೋಗುವವರು ಎಲ್ಲರೂ ಬಂದು ನೋಡುವವರೇ. ನಾನು ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಹೆಂಡತಿ ಒಳಗಿನಿಂದ ಕಪ್ಪು ನೂಲು ತಂದು ಕುಂಡದ ಸುತ್ತ ಕಟ್ಟಿದಳು.

"ಅದೆಂತಕ್ಕೆ?" ಎಂದೆ.

"ದೃಷ್ಟಿ ಆಗಬಾರದು ಅಂತ. ಬಂದವರೆಲ್ಲ ನೋಡ್ತಾರೆ. ಎಲ್ಲರ ಕಣ್ಣು ಒಂದೇ ಹಾಗೆ ಇರುವುದಿಲ್ಲ."

ನನ್ನ ಕಡೆ ನೋಡದೆಯೇ ಹೇಳಿದಳು. ಆ ನೂಲು ಯಾರ ಕಣ್ಣಿಗೆ ಕಟ್ಟಿದ್ದು ಎಂದು ನನಗೂ ತಿಳಿಯಿತು, ಭಾವನಿಗೂ ತಿಳಿಯಿತು. ಅವಳು ತಪ್ಪು ಹೇಳಿದಳು ಎನ್ನಲಾರೆ. ಆ ಗಿಡ ಒಣಗಲಿ ಎಂದು ನಾನು ಬಯಸಲಿಲ್ಲ, ಆದರೆ ಒಂದು ಗಾಳಿ ಬಂದು ಎಲೆಗಳೆಲ್ಲ ಉದುರಿಹೋದರೆ ಬೇಡ ಅನ್ನುತ್ತಿರಲಿಲ್ಲ.

ಮೂಡುಬಿದಿರೆಯಲ್ಲಿ ನನ್ನ ಗಿಡದ ಎಲೆಗಳು ಪ್ರತಿ ಡಿಸೆಂಬರಿನಲ್ಲೂ ಅಂಚಿನಿಂದ ಕಂದಾಗಿ, ಸುಟ್ಟ ಹಪ್ಪಳದಂತೆ ಮುದುಡುತ್ತಿದ್ದವು. ಸಂಜೆ ಹೊತ್ತು ಫ್ರಿಜ್ಜಿನ ಐಸ್ ತುಂಡುಗಳನ್ನು ಬುಡಕ್ಕೆ ಇಡಲು ಶುರುಮಾಡಿದೆ. "ಶರಬತ್ತು ಮಾಡ್ತಾ ಇದ್ದೀರಾ?" ಎಂದು ಹೆಂಡತಿ ಕೇಳಿದಳು. ಇದು ಕೈಯ ದೋಷವಲ್ಲ, ಊರಿನ ಸೆಕೆಯ ದೋಷ ಎಂದು ವಿವರಿಸಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಒಳಗೆ ಹೋದಳು. ಅವಳೊಮ್ಮೆ ನನ್ನ ಗಿಡದ ಮುಂದೆ ನಿಂತು ನೋಡಬೇಕು, ಅಣ್ಣನ ಗಿಡವನ್ನು ನೋಡಿದ ಹಾಗೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಇಷ್ಟು ವಯಸ್ಸಾದ ಮೇಲೆ ಇದನ್ನು ಹೇಳಿ ಕೇಳಿಕೊಳ್ಳುವುದಾದರೂ ಹೇಗೆ?

ಬುಡ ನನ್ನ ಮಣಿಕಟ್ಟಿನಷ್ಟಾದ ವರ್ಷ ಆ ಕೆಳಗಿನ ಕೊಂಬೆಯನ್ನು ಗರಗಸದಲ್ಲಿ ಕಡಿದೆ. ಗಾಯ ಮುಚ್ಚಿಕೊಳ್ಳಲು ಎರಡು ಮಳೆಗಾಲ ಬೇಕಾಯಿತು. ಆಮೇಲೆ ಡ್ರಮ್ಮಿನಿಂದ ತೆಗೆದು, ಬೇರು ಕತ್ತರಿಸಿ, ಕಂದು ಬಣ್ಣದ ಸಾದಾ ಕುಂಡದಲ್ಲಿ ಕೂರಿಸಿದೆ. ಈಗ ಅದು ನಿಜವಾಗಿ ಮರದಂತಿತ್ತು. ಬೇರುಗಳು ಮಣ್ಣನ್ನು ಹಿಡಿದು ಹರಡಿದ್ದವು, ಕಾಂಡ ಒಮ್ಮೆ ಬಾಗಿ ಮತ್ತೆ ಮೇಲೆದ್ದಿತ್ತು. ಅದೆಲ್ಲ ಎಲೆಯ ಮರೆಯಲ್ಲಿದ್ದುದರಿಂದ ನನ್ನನ್ನು ಬಿಟ್ಟು ಇನ್ಯಾರೂ ಗಮನಿಸಲಿಲ್ಲ.

ಹೋದ ವರ್ಷ ಮಳೆ ನಿಂತ ಕೂಡಲೇ ಒಂದು ಪರೀಕ್ಷೆ ಮಾಡುವ ಎಂದು ತೀರ್ಮಾನಿಸಿದೆ. ಗಿಡವನ್ನು ಮಡಿಲಲ್ಲಿಟ್ಟುಕೊಂಡು, ವೇಣೂರು ದಾರಿಯ ಬಸ್ಸಿನಲ್ಲಿ ಬೆಳ್ತಂಗಡಿಗೆ, ಅಲ್ಲಿಂದ ಮುಂಡಾಜೆಗೆ ಹೋಗಿ ಭಾವನ ಜಗಲಿಯಲ್ಲಿ ಇಟ್ಟು ಬಂದೆ. ಅಲ್ಲಿ ಕೆಂಪಾದರೆ ತಪ್ಪು ನನ್ನ ಕೈಯದಲ್ಲ ಎಂದು ಸಾಬೀತಾಗುತ್ತದೆ. ನೀರು ಬಿಟ್ಟು ಬೇರೇನೂ ಹಾಕಬಾರದೆಂದು ಭಾವನಿಗೆ ಎರಡೆರಡು ಸಲ ಹೇಳಿದೆ.

ಜನವರಿಯಲ್ಲಿ ನಾನೂ ಹೆಂಡತಿಯೂ ಹೋದೆವು. ಗಿಡ ಕೆಂಪಾಗಿತ್ತು, ಪಕ್ಕದಲ್ಲಿದ್ದ ಭಾವನ ಗಿಡಕ್ಕಿಂತಲೂ ಗಾಢ. ಇನ್ನು ಒಪ್ಪಲೇಬೇಕು ಎಂದು ನಾನು ಹೆಂಡತಿಯ ಮುಖವನ್ನೇ ನೋಡುತ್ತ ನಿಂತೆ.

"ನೋಡಿ, ಅಣ್ಣನ ಕೈಗೆ ಬಂದದ್ದೇ ನಿಮ್ಮ ಗಿಡವೂ ಹೇಗೆ ಕೆಂಪಾಯ್ತು" ಅಂದಳು.

ಅದನ್ನು ಕೇಳಿದ ಮೇಲೆ ಒಂದು ಗಳಿಗೆಯೂ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಊಟ ಮುಗಿದದ್ದೇ ತಡ, ಗಿಡ ತೆಗೆದುಕೊಂಡು ಹೊರಟೆ, ಹೆಂಡತಿಯೂ ಹಿಂದೆಯೇ ಬಂದಳು. ಭಾವ ಜಗಲಿಯ ಮೆಟ್ಟಿಲಿನಲ್ಲಿ ತಡೆದ. "ಇರಲಿ ಭಾವ, ಇನ್ನೊಂದು ವರ್ಷ ಇಲ್ಲೇ ಇರಲಿ. ಅಲ್ಲಿ ಸೆಕೆಗೆ ಹಾಳಾಗ್ತದೆ" ಎಂದ. ಕುಂಡದ ಮೇಲೆ ಬಗ್ಗಿ ಬೇರಿನ ಹರವನ್ನು ಹೆಬ್ಬೆರಳಿನಿಂದ ಸವರಿದ. "ಬೇಡ" ಎಂದೆ. ನಾನಿದ್ದ ಸಿಟ್ಟಿನಲ್ಲಿ ಅವನ ಮುಖ ನೋಡಲಿಲ್ಲ.

ಬೆಳ್ತಂಗಡಿ ದಾಟುವಷ್ಟರಲ್ಲಿ ಬಸ್ಸಿನ ಕುಲುಕಾಟಕ್ಕೂ ಕಿಟಕಿಯ ಗಾಳಿಗೂ ಎಲೆಗಳು ಒಂದೊಂದಾಗಿ ಉದುರತೊಡಗಿದವು. ನನ್ನ ಪಂಚೆ, ಸೀಟು, ಕಂಡಕ್ಟರನ ಕಾಲಡಿ, ಎಲ್ಲ ಕಡೆ ಕೆಂಪು. ಮೂಡುಬಿದಿರೆಯಲ್ಲಿ ಇಳಿದಾಗ ಕೊಂಬೆಯಲ್ಲಿ ಒಂದು ಎಲೆಯೂ ಇರಲಿಲ್ಲ. ಭಾವನ ಗಿಡಕ್ಕೆ ನಾನು ಬಯಸಿದ್ದು ನನ್ನದಕ್ಕೇ ಬಂತು. ಬರಿಯ ಗಿಡವನ್ನು ಮನೆಯ ಮುಂದಿನ ಸಿಟೌಟಿನ ಕಟ್ಟೆಯ ಮೇಲೆ ಇಟ್ಟು ಸ್ನಾನಕ್ಕೆ ಹೋದೆ.

ಹೊರಗೆ ಬಂದಾಗ ಹೆಂಡತಿ ಕಟ್ಟೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ತಲೆ ಓರೆ ಮಾಡಿ ಬುಡದಿಂದ ತುದಿಯವರೆಗೆ ನೋಡುತ್ತಿದ್ದಳು. ಕೈಯಲ್ಲಿ ಕಪ್ಪು ನೂಲಿತ್ತು.

"ಎಲೆಯೇ ಇಲ್ಲ. ಇದಕ್ಕೆ ಯಾರ ಕಣ್ಣು ಬೀಳ್ತದೆ?" ಎಂದೆ.

"ಅಣ್ಣನದ್ದು" ಅಂದಳು, ಕಟ್ಟುತ್ತಲೇ. "ಹೊರಡುವಾಗ ಅವನು ಈ ಬುಡ ನೋಡಿದ್ದನ್ನು ನಾನು ಕಂಡಿದ್ದೇನೆ. ಅವನದ್ದು ಇನ್ನೂ ಕಡ್ಡಿಯ ಹಾಗೆ ಉಂಟಲ್ವಾ. ಸಣ್ಣದಿರುವಾಗ ನನ್ನ ಕೈಯ ಬೆಲ್ಲದ ತುಂಡನ್ನೂ ಹಾಗೆಯೇ ನೋಡ್ತಾ ಇದ್ದ."

ಅವಳು ಎದ್ದು ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು. ಗಂಟು ಸ್ವಲ್ಪ ಸಡಿಲವಿತ್ತು. ನಾನು ಅದರ ಮೇಲೆ ಇನ್ನೊಂದು ಗಂಟು ಹಾಕಿದೆ.