ಎರಡನೆಯ ಸಾಕ್ಷಿ

ಕನ್ನಡಕದಂಗಡಿಯ ಯಜಮಾನರಿಗೆ ಇಂಟರ್‌ನೆಟ್ಟಿನಲ್ಲಿ ಸ್ವಂತ ಹೆಸರಿಲ್ಲ. ಅಲ್ಲಿ ಅವರು ಬರೀ ‘ಗುಟ್ಟುರಟ್ಟು’. ಫೋನಿನ ಕ್ಯಾಮೆರಾದ ಮೇಲೆ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿಕೊಂಡಿದ್ದಾರೆ. ಡಿಜಿಟಲ್ ಗುರುತಿನ ಚೀಟಿಗೆ ಬೆರಳಚ್ಚು ಕೊಡಿ ಎಂದರೆ ಎರಡೂ ಕೈ ಜೇಬಿಗಿಳಿಸಿ, “ನನ್ನ ಬೆರಳು ಅವರಿಗ್ಯಾಕೆ? ಆಕಾಶದಲ್ಲಿ ಹಾರಾಡೋದು ಏನು ಅಂತ ಮೊದಲು ಸರ್ಕಾರ ಹೇಳಲಿ, ಆಮೇಲೆ ನಾನ್ಯಾರು ಅಂತ ನಾನು ಹೇಳ್ತೀನಿ” ಎನ್ನುತ್ತಾರೆ. ಇದನ್ನೇ ದಿನವೂ ಬರೆದು ಕೊನೆಗೊಂದು “ಎಚ್ಚರ!” ಸೇರಿಸುತ್ತಾರೆ, ಅಂಗಡಿಯಲ್ಲೂ ಮಾತುಮಾತಿಗೆ ಹೇಳುವ ಆ ಎಚ್ಚರದಿಂದಲೇ ಇಡೀ ಬೀದಿ ಅವರನ್ನು ಗುರುತು ಹಿಡಿಯುತ್ತದೆ. ಹೆಂಡತಿ ಅಂಗಡಿಯ ಬಾಗಿಲಲ್ಲೇ ನಿಂತು “ರೀ ಗುಟ್ಟುರಟ್ಟು ಅವರೇ, ಕಾಫಿ ಆರ್ತಿದೆ” ಎಂದು ಕೂಗಿದರೆ, “ಶ್! ಗೋಡೆಗೂ ಕಿವಿ ಇರತ್ತೆ ಕಣೇ” ಎಂದು ಗದರುತ್ತಾರೆ. ಇಷ್ಟಕ್ಕೆಲ್ಲ ಮೂಲ, ಹಿಂದೊಂದು ಸಂಜೆ ತಾರಸಿಯ ಮೇಲೆ ನಿಂತು ಆಕಾಶದಲ್ಲಿ ಅವರು ಕಂಡ ಹಸಿರು ಬೆಳಕು. ಮಾರನೆಯ ದಿನ ಅಂಗಡಿಯಲ್ಲಿ ಹೇಳಿದಾಗ ಗಿರಾಕಿಗಳೆಲ್ಲ “ಮೊದಲು ನಿಮ್ಮ ಕನ್ನಡಕ ಬದಲಾಯಿಸ್ಕೊಳ್ಳಿ” ಎಂದು ಬಿದ್ದು ಬಿದ್ದು ನಕ್ಕರು. ಅವರು ಊಟ ಬಿಟ್ಟು ಮೂಲೆ ಹಿಡಿದು ಕೂತಾಗ ಹೆಂಡತಿ ಪಕ್ಕಕ್ಕೆ ಬಂದು, “ನಾನೂ ನೋಡಿದ್ದೆ ಕಣ್ರೀ, ಹಸಿರಾಗೇ ಇತ್ತು” ಎಂದಳು. ಅಂದಿನಿಂದ ಅವರ ಬರಹಗಳಲ್ಲೆಲ್ಲ “ಸಾಕ್ಷಿಗಳು ಇಬ್ಬರು” ಎಂಬ ಮಾತು ತಪ್ಪಿಲ್ಲ. ಆ ಹೊತ್ತಿನಲ್ಲಿ ಅವಳು ಬೆಳಕಿಗೆ ಬೆನ್ನು ಹಾಕಿ ಒಣಗಿದ ಬಟ್ಟೆ ಮಡಚುತ್ತಿದ್ದಳೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಎರಡನೆಯ ಸಾಕ್ಷಿ ಯಾರು, ಹೆಸರು ಹೇಳಿ ಎಂದು ಯಾರಾದರೂ ಸವಾಲು ಹಾಕಿದರೆ ಮಾತ್ರ, ಗುಟ್ಟು ಮುಚ್ಚಿಡುವ ಸರ್ಕಾರವೇ ನಾಚಬೇಕು, ಅಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ.